ಬಣ್ಣ ಹಿಡಿಯುವ ಇಂದ್ರವ್ವ

ಬೈಲಹೊಂಗಲದ ಬಜಾರಿನಲ್ಲಿ ಇಂದ್ರವ್ವನ ಮ್ಯಾಚಿಂಗ್ ಸೆಂಟರ್ ಹುಡುಕುವವರಿಗೆ ಬೋರ್ಡು ಬೇಕಿರಲಿಲ್ಲ. "ಬಣ್ಣ ಹಿಡಿಯೂ ಅಕ್ಕನ ಅಂಗಡಿ ಎಲ್ಲೈತ್ರಿ?" ಎಂದರೆ ಚಹಾದ ಅಂಗಡಿಯವನೂ ಬೆರಳು ತೋರಿಸುತ್ತಿದ್ದ. ಗಂಡ ತೀರಿಕೊಂಡ ವರ್ಷ ಒಂದು ಹಲಗೆಯ ಮೇಲೆ ಅಸ್ತರು, ಫಾಲು, ದಾರದ ರೀಲು ಹರಡಿಕೊಂಡು ಕೂತವಳು, ಇಪ್ಪತ್ತಾರು ವರ್ಷಗಳಲ್ಲಿ ಮೂರು ಗೋಡೆ ತುಂಬ ಜಂಪರ್ ಬಟ್ಟೆಯ, ಎಂದರೆ ಸೀರೆಗೊಪ್ಪುವ ರವಿಕೆ ಬಟ್ಟೆಯ ಥಾನುಗಳನ್ನು ಏರಿಸಿದ್ದಳು. ಕಿತ್ತೂರು, ಯರಗಟ್ಟಿ ಕಡೆಯ ಹೆಂಗಸರು ಹೊಸ ಸೀರೆ ಚೀಲದಲ್ಲಿಟ್ಟುಕೊಂಡು ಬಸ್ಸಿಳಿದು ನೇರ ಇಲ್ಲಿಗೇ ಬರುತ್ತಿದ್ದರು. ಇಂದ್ರವ್ವ ಸೀರೆಯ ಮೇಲೆ ಒಮ್ಮೆ ಕಣ್ಣಾಡಿಸುವಳು, ಬೆನ್ನು ತಿರುಗಿಸಿ ನಾನೂರು ಥಾನುಗಳಲ್ಲಿ ಒಂದನ್ನು ಎಳೆದು ಹಾಕುವಳು. ಎರಡನೆಯದನ್ನು ಎಳೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ನೀಲಿ ಕೇಳಿದವಳೊಬ್ಬಳಿಗೆ ಹಸಿರು ಕೊಡಹೋದಳು. ಆಕೆ ನಕ್ಕಳು. ಇಂದ್ರವ್ವ ತಪ್ಪನ್ನು ಟ್ಯೂಬ್‌ಲೈಟಿನ ಮೇಲೆ ಹಾಕಿ ಹೊಸದನ್ನು ತರಿಸಿದಳು. ಹೊಸ ಬೆಳಕಿನಲ್ಲೂ ನೀಲಿ, ಹಸಿರು ಒಂದರೊಳಗೊಂದು ಕಲಸಿಹೋಗಿದ್ದವು. ಹಳದಿಯಂತೂ ಹತ್ತು ಸಲ ಒಗೆದ ಅರಿವೆಯ ಹಾಗೆ ಬಿಳಿಚಿಕೊಂಡಿತ್ತು.

ಬೆಳಗಾವಿಯ ಕಣ್ಣಿನ ಡಾಕ್ಟರಮ್ಮ ಸುತ್ತುಬಳಸಿ ಮಾತಾಡಲಿಲ್ಲ. "ಶುಗರ್ ಕಣ್ಣಿನ ಪರದೆಗೆ ಇಳದೈತ್ರಿ. ಸೂಜಿ ಹಾಕಿದ್ರ ಇದ್ದಷ್ಟು ಉಳಸಬಹುದು. ಹೋಗಿದ್ದು ತಿರುಗಿ ಬರತೈತಿ ಅಂತ ನಾ ಹೇಳೂದಿಲ್ಲ."

ಇಂದ್ರವ್ವ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಕಣ್ಣಿಲ್ಲ ಎಂದು ಗೊತ್ತಾದರೆ ಬಣ್ಣಕ್ಕಾಗಿ ಬರುವವರು ಯಾರು? ಯಾವ ಥಾನು ಎಲ್ಲಿದೆ ಎಂಬುದು ಕೈಗೆ ಗೊತ್ತಿತ್ತು. ಬಾಗಿಲ ಬದಿಯಿಂದ ಮೂರನೆಯದು ಉಳ್ಳಾಗಡ್ಡಿ ಸಿಪ್ಪಿ, ಅದರ ಕೆಳಗೆ ಬದನಿಕಾಯಿ, ಮೂಲೆಯಲ್ಲಿ ಗಿಣಿ ಹಸಿರು. "ಯಾವ ಬಣ್ಣ ಬೇಕವಾ?" ಎಂದು ಮೊದಲೇ ಬಾಯಿಬಿಡಿಸಿ, ಕೈಯ ನೆನಪಿನಿಂದ ಎಳೆಯುತ್ತಿದ್ದಳು. ದೀಪಾವಳಿಯ ನಂತರ ಬಂದ ಮಾಲಿನಲ್ಲಿ ಮಾತ್ರ ಕೈಯೂ ಸೋತಿತು.

ಆ ದಿನಗಳಲ್ಲೇ ಜುನೇದ್ ಬಂದದ್ದು. ಅಂಗಡಿ ಅಂಗಡಿಗೆ ಬಿಲ್ಲಿಂಗ್ ಮಿಶನ್ ಕೂಡಿಸಿಕೊಡುವ ಬೆಳಗಾವಿಯ ಒಂದು ಕಂಪನಿಯ ಕೆಲಸಗಾರ. ಎರಡು ಮಕ್ಕಳ ತಂದೆ, ಮಾತು ಕಡಿಮೆ. ಮೊದಲು ಎರಡು ಸಲ ಅವನನ್ನು ಅಟ್ಟಿದ್ದ ಇಂದ್ರವ್ವ ಈ ಸಲ ಕುರ್ಚಿ ಎಳೆದು ಕೂಡಿಸಿದಳು.

"ಅದರಾಗ ಬಣ್ಣದ ಹೆಸರು ಬರತಾವೇನಪ್ಪಾ?"

"ನೀವು ಹೇಳಿದ ಹೆಸರು ಹಾಕತೇನ್ರಿ ಅಕ್ಕಾರ. ಹೆಸರು ಒತ್ತಿದ್ರ ಯಾವ ಕಪಾಟು, ಎಷ್ಟನೇ ಸಾಲು ಅಂತ ತೋರಸ್ತೈತಿ."

"ಅಕ್ಷರ ದೊಡ್ಡವು ಮಾಡಾಕ ಬರತೈತೇನು?"

"ಎಷ್ಟ ಬೇಕ ಅಷ್ಟ ಮಾಡಬಹುದ್ರಿ."

ಗಿರಾಕಿ ಹೆಸರು ಹೇಳುತ್ತಾಳೆ, ಮಿಶನ್ನು ಜಾಗ ಹೇಳುತ್ತದೆ, ತಾನು ಎಳೆದು ಕೊಟ್ಟರಾಯಿತು. ಎಷ್ಟೋ ತಿಂಗಳ ಮೇಲೆ ಆ ದಿನ ಇಂದ್ರವ್ವ ಹೊಟ್ಟೆ ತುಂಬ ಉಂಡಳು.

ಅಂಗಡಿ ಎರಡು ದಿನ ಮುಚ್ಚಿತು. ನಂಬರಿನ ಪ್ರಕಾರ ಹೊಂದಿಸಬೇಕೆಂದು ಜುನೇದ್ ಥಾನುಗಳನ್ನೆಲ್ಲ ನೆಲಕ್ಕಿಳಿಸಿದ. ಮೊದಲ ದಿನ ಕಪಾಟಿನಿಂದ ಸಾಲಾಗಿ ಇಳಿದವುಗಳಿಗೆ ಇಂದ್ರವ್ವ ನೋಡದೆಯೇ ಹೆಸರು ಹೇಳಿದಳು. ಎರಡನೆಯ ದಿನ ಬಂದು ನೋಡಿದರೆ ಉಳಿದವನ್ನು ಅವನು ಆಗಲೇ ಇಳಿಸಿ ಒಂದರ ಮೇಲೊಂದು ರಾಶಿ ಹಾಕಿದ್ದ. ಯಾವುದು ಯಾವ ಮೂಲೆಯದೆಂಬ ಗುರುತೇ ಇರಲಿಲ್ಲ. ಜುನೇದ್ ಒಂದು ಥಾನನ್ನು ಗೇಣುದ್ದ ಬಿಚ್ಚಿ ಹಿಡಿದ. ಇಂದ್ರವ್ವ ಅದನ್ನು ಬಾಗಿಲ ಬೆಳಕಿಗೊಯ್ದು ಸವರಿ ನೋಡಿದಳು.

"ನವಿಲಗೊರಳ."

ಮಿಶನ್ನಿನ ಕೀಲಿಗಳ ಮೇಲೆ ಅವನ ಬೆರಳು ನಿಂತವು. "ನವಿಲಗೊರಳ ಏನ್ರಿ ಇದು?"

"ಹೂಂ. ಬರಿ."

ಅವನು ಬರೆದ. ಅದು ನವಿಲಗೊರಳವೋ ಅಲ್ಲವೋ ಇಂದ್ರವ್ವನಿಗೇ ಗೊತ್ತಿರಲಿಲ್ಲ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಇನ್ನೂ ನೂರೈವತ್ತಕ್ಕೂ ಹೆಚ್ಚು ಥಾನುಗಳಿದ್ದವು. ಸಂಜೆಯವರೆಗೆ ಅವಳು ಬಾಯಿಗೆ ಬಂದ ಹೆಸರು ಹೇಳುತ್ತ ಹೋದಳು. ಅವನು ಮತ್ತೆ ಕೇಳಲಿಲ್ಲ. ಚೀಟಿ ಹಚ್ಚಿದ ಥಾನುಗಳು ಹೊಸ ಜಾಗಗಳಲ್ಲಿ ಕುಳಿತವು. ಕೈಗಿದ್ದ ನೆನಪೂ ಅಲ್ಲಿಗೆ ಕೆಟ್ಟಿತು.

ಅಂಗಡಿ ತೆರೆದ ದಿನ ಯರಗಟ್ಟಿಯ ಕೆಂಪವ್ವ ಮಗಳ ಲಗ್ನಕ್ಕೆಂದು ಒಂಬತ್ತು ಸೀರೆ ಹೊತ್ತು ತಂದಳು. ಇನ್ನೂ ನಾಲ್ಕೈದು ಮಂದಿ ಕಾದು ಕೂತಿದ್ದರು. ಎದುರಿನ ಹೊಲಿಗೆ ಅಂಗಡಿಯ ನಿಲೋಫರ್ ಅಸ್ತರಿಗೆಂದು ಬಂದು ನಿಂತಿದ್ದಳು. ಹದಿನೈದು ವರ್ಷದಿಂದ ಅವಳಿಗೆ ಅಸ್ತರು ಇಲ್ಲಿಂದಲೇ.

ಕೆಂಪವ್ವ ನವಿಲಗೊರಳ ಕೇಳಿದಳು. ಇಂದ್ರವ್ವ ಹೆಸರು ಒತ್ತಿದಳು, ಮಿಶನ್ನು ತೋರಿಸಿದ ಸಾಲಿನಿಂದ ಎಳೆದು ಹಾಸಿದಳು.

"ಇಂದ್ರಕ್ಕಾ, ಇದು ಬೇವಿನ ತೊಪ್ಪಲ ಆತಲ್ಲ!"

ನೀಲಿ ಕೇಳಿದವಳ ಮುಂದೆ ಎಲೆಹಸಿರು ಬಿದ್ದಿತ್ತು. ಇನ್ನೊಂದು ಎಳೆದಳು. ಅದು ಬೂದಿ ಬಣ್ಣ. ಅರಿಷಿಣ ಕೇಳಿದರೆ ಬಿಳಿ ಬಂತು. ಹಲಗೆಯ ಮೇಲೆ ಥಾನುಗಳ ಗುಡ್ಡೆ ಬೆಳೆಯಿತು. ಯಾರೋ ಕಿಸಕ್ಕೆಂದು ನಕ್ಕರು. "ಎಲ್ಲಾ ಆ ಮಿಶನ್‌ದಾವನ ಕೆಲಸ ನೋಡ್ರಿ! ನಾ ಒಂದ ಹೇಳಿದ್ರ ಅವ ಒಂದ ಬರದಾನ!" ಎಂದು ಕೂಗಿದ ಇಂದ್ರವ್ವ, ಎಲ್ಲರೆದುರಿಗೇ ಕಂಪನಿಯ ಮಾಲೀಕರಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದಳು.

ಜುನೇದ್ ಸವದತ್ತಿಯ ಕೆಲಸ ಬಿಟ್ಟು ಗಾಡಿ ಹೊಡೆದುಕೊಂಡು ಬಂದ. ಕೆಂಪವ್ವ ಅಷ್ಟರಲ್ಲಿ ಬೇರೆ ಅಂಗಡಿಗೆ ಹೋಗಿಯಾಗಿತ್ತು. ಅವನು ರಾಶಿಯನ್ನು ನೋಡಿದ, ಇಂದ್ರವ್ವನನ್ನು ನೋಡಿದ.

"ನೀವು ಹೇಳಿದ್ದ ಬರದೇನ್ರಿ, ಅಕ್ಕಾರ."

"ಸುಳ್ಳ ಹೇಳಬ್ಯಾಡ. ನಾ ಬಣ್ಣ ತಪ್ಪತೇನೇನು?"

ಅವನು ಕಂಪನಿಯ ದೂರಿನ ಕಾಗದ ತೆಗೆದ. ಅದಕ್ಕೆ ಅವಳ ಸಹಿ ಹಾಕಿಸಿಕೊಂಡು ಹೊರಟುಹೋದ. ನಿಲೋಫರ್ ಮಾತ್ರ ಅಲ್ಲೇ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಎರಡು ಥಾನು ಎತ್ತಿ ಹಿಡಿದಳು.

"ಇದರಾಗ ಹಸರ ಯಾವುದು, ಅಕ್ಕಾ?"

ಇಂದ್ರವ್ವ ಹಲಗೆಗೆ ಹಣೆ ಹಚ್ಚಿ ಅತ್ತಳು.

ಮರುವಾರ ಸೂಜಿಗೆಂದು ಬೆಳಗಾವಿಗೆ ಹೋದಾಗ ನಿಲೋಫರ್ ಜೊತೆಗಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಇಂದ್ರವ್ವ ಕಂಪನಿಯ ಆಫೀಸಿನ ಮೆಟ್ಟಿಲು ಹತ್ತಿದಳು. ಮಾಲೀಕರು ಆ ದೂರಿನ ಕಾಗದ ತೆಗೆದು ಓದಿದರು. ಕೆಳಗೆ ಜುನೇದ್ ಬರೆದದ್ದು ಒಂದೇ ಸಾಲು: ಹೆಸರು ತಪ್ಪು ತುಂಬಿದ್ದು ನಾನು. ಅವನ ಮೇಲೆ ಹಿಂದೆಯೂ ಒಂದು ದೂರು ಇತ್ತಂತೆ. ಎರಡಾದ ಮೇಲೆ ಕೆಲಸದಿಂದ ಬಿಡಿಸಿದ್ದರು.

"ತಪ್ಪ ನಂದ್ರಿ. ನನಗ ಬಣ್ಣ ಕಾಣೂದಿಲ್ಲ. ಅವನ್ನ ತಿರುಗಿ ಕರಕೊಳ್ರಿ," ಎಂದಳು ಇಂದ್ರವ್ವ.

"ಬ್ಯಾರೇದವರನ್ನ ತಗೊಂಡೇವ್ರಿ ಈಗ. ನೋಡೂಣು," ಎಂದರು ಅವರು.

ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಿಲೋಫರ್ ಜುನೇದ್‌ನ ನಂಬರು ಹಚ್ಚಿಕೊಟ್ಟಳು. ಇಂದ್ರವ್ವ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಎರಡನೇ ದಿನಾನ ತಿಳದಿತ್ರಿ ಅಕ್ಕಾರ. ನಮ್ಮವ್ವಗೂ ಹಿಂಗ ಆಗಿತ್ತು."

"ಮತ್ತ ಯಾಕ ಹೇಳಲಿಲ್ಲೋ ತಮ್ಮಾ? ಮಂದಿ ಮುಂದ ನನ್ನ ಬಾಯಿ ಮುಚ್ಚಸಬೇಕಿಲ್ಲೋ?"

"ಅವತ್ತ ಕೇಳಿದ್ನೆಲ್ರಿ, ಬರಿ ಅಂದ್ರಿ. ಮಂದಿ ಮುಂದ ಹೆಂಗ ಹೇಳೂದ್ರಿ," ಎಂದ ಅವನು. ಆಮೇಲೆ, "ರವಿವಾರ ಬರತೇನಿ. ಬಣ್ಣ ಹೇಳಾಕ ಯಾರನ್ನರ ಕೂಡಸ್ರಿ."

ರವಿವಾರ ಬಂದ. ನಿಲೋಫರ್ ಬಣ್ಣ ಹೇಳಿದಳು, ಅವನು ತಿದ್ದಿದ, ಇಂದ್ರವ್ವ ಚೀಟಿ ಹಚ್ಚಿದಳು. ಊಟಕ್ಕೆ ಕೂತಾಗ ಅವನಿಗಿನ್ನೂ ಕೆಲಸ ಸಿಕ್ಕಿಲ್ಲವೆಂದು ತಿಳಿಯಿತು. ಮರುದಿನದಿಂದ ಇಂದ್ರವ್ವ ಬಜಾರಿನ ಒಂದೊಂದೇ ಅಂಗಡಿಗೆ ಹೋಗಿ, ಮಿಶನ್ ಕೂಡಿಸುವುದಿದ್ದರೆ ಅವನನ್ನೇ ಕರೆಯಿರಿ ಎಂದು ಕೇಳಿಕೊಂಡಳು. ತಪ್ಪು ಯಾರದಿತ್ತೆಂದು ಪ್ರತಿ ಅಂಗಡಿಯಲ್ಲೂ ಹೇಳಬೇಕಾಯಿತು. ಇಬ್ಬರು ಒಪ್ಪಿದರು. ಅವಳ ಕಣ್ಣಿನ ಸುದ್ದಿ ಊರ ತುಂಬ ಆಯಿತು.

ಗಿರಾಕಿಗಳು ಅರ್ಧಕ್ಕರ್ಧ ಇಳಿದಿದ್ದಾರೆ. ಕೆಂಪವ್ವ ತಿರುಗಿ ಬಂದಿಲ್ಲ. ಎಡಗಣ್ಣಿಗೆ ನಾಲ್ಕನೆಯ ಸೂಜಿ ಆಗಿದೆ, ಬಲಗಣ್ಣಿಗೆ ಇನ್ನು ಉಪಯೋಗವಿಲ್ಲ ಎಂದಿದ್ದಾರೆ ಡಾಕ್ಟರಮ್ಮ. ಇಂದ್ರವ್ವ ಈಗಲೂ ಹತ್ತು ಗಂಟೆಗೆ ಬಾಗಿಲು ತೆರೆಯುತ್ತಾಳೆ. ಮಿಶನ್ನು ಹೇಳಿದ ಸಾಲಿನಿಂದ ಥಾನು ಎಳೆದು ಹಾಸಿ, ಎದುರಿಗೆ ಯಾರಿರಲಿ, ಅವರನ್ನೇ ಕೇಳುತ್ತಾಳೆ: "ನೋಡ್ರಿ, ಹೊಂದತೈತೇನು? ನನಗ ತಿಳಿಯೂದಿಲ್ಲ."