ಟೆಂಟಿನ ಬಾಗಿಲು

ಕುಣಿಗಲ್ ದೊಡ್ಡಕೆರೆ ಸುತ್ತ ಟೆಂಟ್ ಹಾಕೋಕೆ ಜಾಗ ಹುಡುಕುತ್ತಾ ನಾನೂ ಹೆಂಡತಿಯೂ ಅರ್ಧ ದಿನ ಅಲೆದೆವು. ಪಾರ್ಕಿನಲ್ಲಿ ರಾತ್ರಿ ಇರೋಕೆ ಬಿಡಲ್ಲ ಅಂದರು. ಕೊನೆಗೆ ನೀರಿನ ಪಕ್ಕ ಹುಲ್ಲಿನ ದಿಬ್ಬ ಸಿಕ್ಕಿತು. ಕಾರಿನ ಮೇಲೆ ಕಣ್ಣಿರಲಿ ಅಂತ ಟೆಂಟಿನ ಬಾಗಿಲನ್ನು ರಸ್ತೆ ಕಡೆಗಿಟ್ಟೆ.

ತುಂಬಿದ ಕೆರೆಗೆ ಬಾಗಿನ ಕೊಡಲು ಮೊರ ಹಿಡಿದು ಬಂದ ಅಜ್ಜಿಯೊಬ್ಬರು ಅದನ್ನು ನೋಡಿ ನಿಂತರು.

"ಗಂಗಮ್ಮಂಗೆ ಬೆನ್ನು ಮಾಡ್ಕಂಡು ಮಲಗ್ತೀರಾ? ತಿರುಗಿಸ್ಕಳಿ ಸ್ವಾಮಿ."

"ಆಮೇಲೆ ಕಾರು ಕಾಣಲ್ವಲ್ಲ ಅಜ್ಜಿ."

"ಕಾರು ದಿನಾ ನೋಡ್ತೀರಲ್ಲ."

ಗೂಟ ಕಿತ್ತು ಬಾಗಿಲನ್ನು ಕೆರೆಗೆ ತಿರುಗಿಸಿದೆ. ಅಜ್ಜಿ ಬಿಟ್ಟ ಮೊರ ಅಲೆಯ ಮೇಲೆ ಮೆಲ್ಲಗೆ ದೂರವಾಯಿತು. ಅದರಾಚೆ ಸಂಜೆಯ ಇಡೀ ಆಕಾಶ ನೀರಿನಲ್ಲಿ ಮಲಗಿತ್ತು. ಕತ್ತಲಾಗುವವರೆಗೂ ಇಬ್ಬರೂ ಬಾಗಿಲಲ್ಲೇ ಕೂತು ನೋಡಿದೆವು.

ಬೆಳಿಗ್ಗೆ ನೋಡಿದರೆ ಕಾರಿನ ಡಿಕ್ಕಿ ಮುಚ್ಚೋದನ್ನೇ ಮರೆತಿದ್ದೆ. ಒಳಗೊಂದು ನಾಯಿ ಮಲಗಿತ್ತು, ಅದೂ ಕೆರೆ ಕಡೆಗೇ ಮುಖ ಮಾಡಿಕೊಂಡು.