ಹಾಲಿನತ್ತೆಯ ಕಳೆ ತಪಾಸಣೆ

ಬೀದಿಯವರೆಲ್ಲ ಹಾಲಿನತ್ತೆ ಎಂದು ಕರೆಯುವ ಆಕೆಗೆ ಇರುವುದು ಎರಡೇ ಕಣ್ಣು, ಆದರೆ ಪಾರ್ಥೇನಿಯಂ ಗಿಡ ಹುಡುಕುವಾಗ ಬೆನ್ನಿನಲ್ಲಿ ಇನ್ನೆರಡು ತೆರೆದುಕೊಳ್ಳುತ್ತವೆ. ತನ್ನ ಆರು ಹಸುಗಳ ಹುಲ್ಲುಗಾವಲಿನಲ್ಲಿ ಆ ಕಳೆ ತಲೆ ಎತ್ತಿತೆಂದರೆ, ಒಲೆಯ ಮೇಲಿನ ಹಾಲು ಉಕ್ಕಿ ಬೀದಿಗಿಳಿದರೂ ಸರಿ, ಕೈಗವಸು ತೊಟ್ಟು ಓಡುತ್ತಾಳೆ. "ಹೂ ಬಿಡೋಕೆ ಮುಂಚೆ ಕೀಳ್ಬೇಕು ಕಣ್ರೋ! ಬೀಜ ಉದುರಿದ್ರೆ ಹುಲ್ಲಿಗೆ ನಿಲ್ಲೋಕೂ ಜಾಗ ಇರಲ್ಲ, ಹಸು ಅದನ್ನೇ ತಿಂದು ಕಹಿ ಹಾಲು ಕೊಡುತ್ತೆ!" ಎಂದು ಆಕೆ ಕೂಗುವ ಅಬ್ಬರಕ್ಕೆ ಎಷ್ಟೋ ಗಿಡಗಳು ತಾವೇ ಬೇರು ಕಿತ್ತುಕೊಂಡು ಹೊರಟುಹೋಗಿವೆ ಎಂದು ನೆರೆಯವರು ಆಣೆ ಮಾಡುತ್ತಾರೆ. ಗೇಟಿನಲ್ಲಿ ಬಂದವರೆಲ್ಲರ ಚಪ್ಪಲಿಗೂ ಬ್ರಷ್ಷಿನ ಉಪಚಾರವಾಗಬೇಕು. ಮೊದಲ ಸಲ ಬಂದ ಹೊಸ ಅಳಿಯನನ್ನೂ ಬಿಡಲಿಲ್ಲ; ಒಂಟಿಕಾಲಲ್ಲಿ ನಿಲ್ಲಿಸಿ ಪ್ಯಾಂಟಿನ ಮಡಿಕೆಯನ್ನು ಬಾಚಣಿಗೆಯಿಂದ ಬಾಚಿದಳು. "ಅಮ್ಮಾ, ಅವರೇನು ಎತ್ತಾ?" ಎಂದು ಮಗಳು ಕೆಂಪಾದಳು. "ಎತ್ತಾಗಿದ್ರೆ ಗೊರಸೊಂದೇ ನೋಡಿ ಒಳಗೆ ಬಿಡ್ತಿದ್ದೆ. ಇವರ ಬೂಟಿನ ಸಂದೀಲಿ ಒಂದು ಹೊಲಕ್ಕಾಗೋಷ್ಟು ಬೀಜ ಕೂತಿರುತ್ತೆ!" ಅಳಿಯ ನಗುತ್ತಾ, "ಅತ್ತೆ, ಈ ಗಿಡಾನ ಮೊದಲು ಒಳಗೆ ತಂದ ಪುಣ್ಯಾತ್ಮ ಯಾರು?" ಎಂದ. ಬಾಚಣಿಗೆ ನಿಂತಿತು. "ನಾನೇ ಕಣಪ್ಪ. ಇವಳು ಹುಟ್ಟಿದ ಖುಷೀಲಿ, ಬಿಳಿ ಹೂವು ಚೆಂದ ಇದೆ ಅಂತ ಕಿತ್ತು ತಂದು ತೊಟ್ಟಿಲಿಗೆ ಕಟ್ಟಿದ್ದೆ. ಬಾಡಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ, ಆ ಗೊಬ್ಬರಾನ ನನ್ನ ಕೈಯಾರೆ ಹುಲ್ಲಿಗೆಲ್ಲ ಎರಚಿದೆ." ಅಳಿಯ ಇನ್ನೊಂದು ಕಾಲನ್ನು ತಾನಾಗಿಯೇ ಎತ್ತಿ ಆಕೆಯ ಮುಂದೆ ಹಿಡಿದ.