ದ್ರಾಕ್ಷಿ ಶೆಡ್ಡಿನ ಉದ್ದಗಾಲಿನ ಆರೋಪಿ

“ಉಚ್ಚಿ ಹೊಯ್ಯೋ ಜ್ಯಾಡ ಯಾವುದವಾ? ಉದ್ದ ಕಾಲಿಂದೋ, ಗಿಡ್ಡ ಕಾಲಿಂದೋ?”

ಕಳೆದ ಭಾನುವಾರ ಬೆಳಿಗ್ಗೆ 8-10ಕ್ಕೆ ಬಂದ ಫೋನಿನಲ್ಲಿ ಮಾಮಾ ಕೇಳಿದ ಮೊದಲ ಪ್ರಶ್ನೆ ಇದು. ಹೇಗಿದ್ದೀ ಅನ್ನಲಿಲ್ಲ, ಚಹಾ ಆಯ್ತಾ ಅನ್ನಲಿಲ್ಲ. ನೇರವಾಗಿ ಜೇಡದ ಮೂತ್ರ ವಿಚಾರ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಬಿಜ್ಜರಗಿಯಲ್ಲಿ ದ್ರಾಕ್ಷಿ ಬೆಳೆದು, ಹೊಲದಲ್ಲೇ ಶೆಡ್ ಹಾಕಿ ಒಣದ್ರಾಕ್ಷಿ ಮಾಡುತ್ತಾರೆ. ಅವರ ಪಾಲಿಗೆ ನಾನು ಜೇಡದ ಎಕ್ಸ್‌ಪರ್ಟ್. ಕಾರಣ ಹೇಳುತ್ತೇನೆ. ಸೊಲ್ಲಾಪುರ ರಸ್ತೆಯ ನಮ್ಮ ಮನೆಯಲ್ಲಿ ಕಂಡ ಎಂಟು ಕಾಲಿನ ಪ್ರತಿ ಜೀವಿಯನ್ನೂ ವಾರ, ವೇಳೆ, ಸ್ಥಳದ ಸಮೇತ ಬರೆದಿಡುವ ಚಟ ನನಗೆ. (ಎಂಟು ತಿಂಗಳ ಟೋಟಲ್: 143. ಒಂದೇ ಜೇಡವನ್ನು ಎರಡೆರಡು ಸಲ ಎಣಿಸಿದ್ದೇನೆಂದು ಅವ್ವನ ತಕರಾರು. ಇರಬಹುದು. ಅವೇನು ಹೆಸರು ಹೇಳುತ್ತವೆಯೇ?)

ಸಂಗತಿ ಇಷ್ಟು. ಶೆಡ್ಡಿನ ಕೆಲಸಕ್ಕೆ ಬಂದ ಒಂಬತ್ತು ಹೆಂಗಸರು ಅಂದು ಒಳಗೆ ಕಾಲಿಡಲು ಒಪ್ಪಿರಲಿಲ್ಲ. ಅವರಲ್ಲಿ ಹಿರಿಯಳಾದ ನೀಲವ್ವನ ಕೈಗೆ ಜೇಡ ಉಚ್ಚೆ ಹೊಯ್ದು ಗುಳ್ಳೆ ಎದ್ದಿವೆ, ಮೊದಲು ಜೇಡ ತೆಗೆಸಿ ಎಂದು ಪಟ್ಟು ಹಿಡಿದಿದ್ದರು. ಕೊಯ್ದ ದ್ರಾಕ್ಷಿ ಕ್ರೇಟುಗಳಲ್ಲಿ ಕಾಯುತ್ತಿತ್ತು.

“ಇವತ್ತ ಶೆಡ್ಡಿಗೆಲ್ಲಾ ಔಷಧ ಹೊಡಸ್ತೇನಿ,” ಎಂದರು ಮಾಮಾ.

“ಒಳಗ ದ್ರಾಕ್ಷಿ ಒಣಗಾಕತ್ತಾವಲ್ರಿ ಮಾಮಾ! ಜ್ಯಾಡ ಸಾಯ್ತಾವ ಖರೆ, ದ್ರಾಕ್ಷಿ ತಿಂದವ್ರ ಗತಿ?”

ಮಾಮಾ ವರಸೆ ಬದಲಿಸಿದರು.

“ಹಂಗಾರ ನೀನ ಬಾ. ಬಂದು ಯಾವ ಜ್ಯಾಡ ಅಂತ ತೋರಸು. ಅದೊಂದನ್ನ ಹೊಡದ ಹಾಕೂಣು.”

ಪೊಲೀಸರು ಕಳ್ಳರನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುತ್ತಾರಲ್ಲ, ಹಾಗೆ.

ಹೊರಟೆ. ಬಸ್ಸು ಬಿಜ್ಜರಗಿ ದಾರಿಯ ಟಿಕೋಟಾ ಮುಟ್ಟುವವರೆಗೆ ನೋಟ್‌ಬುಕ್ ತಿರುವಿದೆ. ನಾವು ಒಂದೇ ಹೆಸರಿನಲ್ಲಿ ಬೈಯುವ ಉದ್ದಗಾಲಿನವರಲ್ಲಿ ನನ್ನ ಲೆಕ್ಕದಂತೆ ಮೂರು ಪಂಗಡ. ಸೂರಿನ ಮೂಲೆಯಲ್ಲಿ ಅಡ್ಡಾದಿಡ್ಡಿ ಬಲೆ ಕಟ್ಟಿ ತಲೆಕೆಳಗಾಗಿ ನೇತಾಡುವುದು ಒಂದು. ಮೆಲ್ಲಗೆ ಊದಿ ನೋಡಿ, ಗಡಗಡ ನಡುಗುತ್ತದೆ. ಅದಕ್ಕೆ ಸೊಂಟ ಇರುತ್ತದೆ. ಮುಂದಿನ ಭಾಗ, ಹಿಂದಿನ ಭಾಗ ಬೇರೆ ಬೇರೆ ಕಾಣುತ್ತವೆ. ಎರಡನೆಯದು ತೇವ ಇರುವಲ್ಲಿ ಓಡಾಡುತ್ತದೆ. ಮೈ ಮಸೂರದ ಕಾಳಿನಂತೆ ಒಂದೇ ಉಂಡೆ, ಸೊಂಟ ಕಾಣುವುದಿಲ್ಲ, ಬಲೆಯನ್ನೂ ಕಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ಅದು ಜೇಡವೇ ಅಲ್ಲ, ಜೇಡದ ದೂರದ ಬಂಧು. ಮೂರನೆಯದು ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದು, ನೀವು ಚಪ್ಪಲಿ ಎತ್ತುವ ಮೊದಲೇ ಕ್ಯಾಲೆಂಡರ್ ಹಿಂದೆ ಸೇರುವುದು. (ಟ್ಯೂಬ್‌ಲೈಟಿಗೆ ಡಿಕ್ಕಿ ಹೊಡೆಯುವ ಉದ್ದಗಾಲಿನ ರೆಕ್ಕೆಯ ಹುಳ ಈ ಲಿಸ್ಟಿನಲ್ಲಿಲ್ಲ. ಕಾಲು ಎಣಿಸಿ, ಆರೇ ಇವೆ.)

ಟಿಕೋಟಾದಿಂದ ಮಾಮಾ ಬೈಕಿನಲ್ಲಿ ಕರೆದೊಯ್ದರು. ಶೆಡ್ ಮುಟ್ಟಿದ್ದು 10-05ಕ್ಕೆ. ಹೆಂಗಸರು ಬೇವಿನ ಗಿಡದ ಕೆಳಗೆ ಕೂತಿದ್ದರು.

ಒಣದ್ರಾಕ್ಷಿ ಶೆಡ್ ನೋಡದವರಿಗೆ ಎರಡು ಮಾತು. ಮೇಲೆ ತಗಡು, ಕೆಳಗೆ ಅಂತಸ್ತು ಅಂತಸ್ತಾಗಿ ಜಾಲರಿಯ ರ‍್ಯಾಕ್. ಒಂದು ತುದಿಯಲ್ಲಿ ದೊಡ್ಡ ಟಬ್. ಟಬ್ಬಿನಲ್ಲಿ ಎಣ್ಣೆ, ಪೌಡರ್ ಕಲಸಿದ ನೀರು. ಗೊಂಚಲುಗಳನ್ನು ಅದರಲ್ಲಿ ಅದ್ದಿ ತೆಗೆದು ರ‍್ಯಾಕಿನ ಮೇಲೆ ಹರಡಿದರೆ ಬೇಗ ಒಣಗುತ್ತವೆ.

ನಾನು ತಲೆ ಎತ್ತಿ ಎಣಿಸತೊಡಗಿದೆ. ರ‍್ಯಾಕುಗಳ ಮೇಲೆ, ತಗಡಿನ ಸಂದಿಯಲ್ಲಿ, ನಡುಗುವ ಜಾತಿಯವು 31. ಟಬ್ಬಿನ ಪಕ್ಕದ ತೇವದ ಗೋಡೆಯ ಮೇಲೆ ಸೊಂಟವಿಲ್ಲದವು 3. ಗೋಡೆಗೆ ಅಂಟುವವು ಸೊನ್ನೆ.

“ಏನ ಬರಕೊಳ್ಳಾಕತ್ತಿ ಬೇ? ಅವುಗಳ ಹೆಸರಾ?” ಗಿಡದ ಕೆಳಗಿನಿಂದ ಒಂದು ದನಿ.

“ಆಧಾರ್ ನಂಬರೂ ಕೇಳ ತಂಗಿ, ರೇಶನ್ ಕೊಡಸೂಣು!” ಇನ್ನೊಂದು.

ನಾನು ಗಂಭೀರವಾಗಿ ತೀರ್ಪು ಓದಿದೆ. ಇಲ್ಲಿರುವ ಯಾವುದಕ್ಕೂ ಮನುಷ್ಯರ ಮೇಲೆ ಉಚ್ಚೆ ಹೊಯ್ದು ಗುಳ್ಳೆ ಎಬ್ಬಿಸುವ ಅಭ್ಯಾಸವಿಲ್ಲ. ಎಲ್ಲರೂ ನಿರ್ದೋಷಿಗಳು.

ಆಗ ನೀಲವ್ವ ಎದ್ದು ಬಂದಳು.

“ಹುಳದ ಕಾಲ ಎಣಿಸಿದಿ, ಸೊಂಟಾ ನೋಡಿದಿ. ನನ್ನ ಕೈ ಯಾವಾಗ ನೋಡತಿ ಬೇ?”

ವಾಚು ನೋಡಿಕೊಂಡೆ. 10-45. ನಲವತ್ತು ನಿಮಿಷ ನಾನು ಜೇಡದ ವಕೀಲಿಕೆ ಮಾಡಿದ್ದೆ. ನೋವಿದ್ದವಳ ಕೈ ಹೇಗಿದೆ ಎಂದು ಕೇಳಿರಲಿಲ್ಲ. (ಇದನ್ನೂ ಬರೆದುಕೊಂಡಿದ್ದೇನೆ.)

ನೀಲವ್ವ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬೆರಳ ಸಂದಿಗಳು ಸುಲಿದು ಕೆಂಪಾಗಿದ್ದವು. ಕೆಂಪು ಮುಂಗೈವರೆಗೆ ಬಂದು, ಬಳೆ ತೊಟ್ಟ ಜಾಗದಲ್ಲಿ ಗೆರೆ ಎಳೆದಂತೆ ನಿಂತಿತ್ತು. ಎರಡೂ ಕೈಗೆ ಒಂದೇ ಅಳತೆ.

“ನಾಕ ದಿನಾ ಆತು, ರೊಟ್ಟಿ ಬಡಿಯಾಕ ಬರವಲ್ದು. ಸೊಸಿ ಬಡೀತಾಳ. ಉಣ್ಣಾಕ ಕುಂತ್ರ ಖಾರ ಹತ್ತಿ ಜೀವ ಹೋಗತೈತಿ. ಕೈ ಹಿಂಗ ಆದ್ರ ಮುಂದ ನನ್ನ ಕೆಲಸಕ್ಕ ಯಾರ ಕರೀತಾರವಾ?”

ನನಗೆ ಬರುವುದು ಒಂದೇ ವಿದ್ಯೆ. ಹೊಸ ಪುಟ ತೆಗೆದು ನಡುವೆ ಗೆರೆ ಎಳೆದೆ. ಒಂದು ಕಡೆ ಟಬ್, ಇನ್ನೊಂದು ಕಡೆ ರ‍್ಯಾಕ್. ಒಬ್ಬೊಬ್ಬರನ್ನೇ ಕೇಳಿದೆ: ನಿಮ್ಮ ಕೆಲಸ ಎಲ್ಲಿ? ಕೈ ತೋರಿಸ್ರಿ.

ಟಬ್ಬಿನಲ್ಲಿ ಅದ್ದುವವರು ನಾಲ್ವರು. ನಾಲ್ವರ ಕೈಯೂ ಸುಲಿದಿತ್ತು. ನೀಲವ್ವನದು ಎಲ್ಲಕ್ಕಿಂತ ಹೆಚ್ಚು. ದಿನವಿಡೀ 31 ಜೇಡಗಳ ನೇರ ಕೆಳಗೆ ನಿಂತು ದ್ರಾಕ್ಷಿ ಹರಡುವವರು ಐವರು. ಒಬ್ಬರಿಗೂ ಒಂದು ಗುಳ್ಳೆಯಿಲ್ಲ.

ಗಟ್ಟಿಯಾಗಿ ಓದಿದೆ. ಮೊದಲು ನಕ್ಕವಳು ನೀಲವ್ವನೇ.

“ಅಂದ್ರ ಸಾವ್ಕಾರ್ರ, ನಿಮ್ಮ ಜ್ಯಾಡ ಟಬ್ಬಿನ ಮಂದಿನ್ನಷ್ಟ ಹುಡುಕ್ಕೊಂಡ ಬಂದು ಹೊಯ್ತಾವೇನ್ರಿ? ಅದೂ ಮುಂಗೈತನಕ ಅಳತಿ ಹಿಡದು?”

“ಏ, ಹತ್ತ ವರ್ಷ ಆತು, ಇದ ನೀರಾಗ ಅದ್ದಾಕತ್ತೇವಿ,” ಮಾಮಾ ಗೊಣಗಿದರು.

“ಅದ್ದಾಕತ್ತೇವಿ ಅಂದ್ರ ಯಾರ್ರೀ? ಎಲ್ಲಿ, ನಿಮ್ಮ ಕೈ ತೋರಸ್ರಿ ನೋಡೂಣು.” ನೀಲವ್ವ ಬಿಡಲಿಲ್ಲ.

ಮಾಮಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ಮಾಮಾ ಕೆಟ್ಟವರಲ್ಲ. ಜೇಡವೇ ಹೊಯ್ದದ್ದು ಎಂದು ನಿಜವಾಗಿ ನಂಬಿದ್ದರು, ನೀಲವ್ವನೂ ನಂಬಿದ್ದಳು. ಈ ನಂಬಿಕೆಯ ಅನುಕೂಲ ನೋಡಿ. ನೀಲವ್ವ ಸಾವ್ಕಾರರಿಗೆ ಎದುರಾಡಬೇಕಿಲ್ಲ, ಸಾವ್ಕಾರರು ತಮ್ಮ ಟಬ್ಬಿನೊಳಗೆ ಇಣುಕಬೇಕಿಲ್ಲ. ಬೈಸಿಕೊಂಡ ಜೇಡ ಹೇಗೂ ಉತ್ತರ ಕೊಡುವುದಿಲ್ಲ. ನಮ್ಮ ಮನೆಯಲ್ಲೂ ಹಾಲು ಒಡೆದರೆ ಅದು ಬೇಸಿಗೆಯ ತಪ್ಪು. ಫ್ರಿಜ್ಜಿನ ಹೊರಗೆ ಮರೆತಿಟ್ಟ ನನ್ನದಲ್ಲ. ನಿಮ್ಮ ಮನೆಯಲ್ಲಿ?

ಮಾಮಾ ಬೈಕ್ ಹತ್ತಿದರು. ನೀಲವ್ವನನ್ನು ಟಿಕೋಟಾದ ದವಾಖಾನೆಗೆ ಕರೆದೊಯ್ದರು. ಡಾಕ್ಟರು ಮುಲಾಮು ಕೊಟ್ಟು, ಪೌಡರಿನ ಕ್ಷಾರ ಚರ್ಮ ಸುಡುತ್ತದೆ, ಆ ನೀರಿಗೆ ಬರಿಗೈ ಹಾಕಲೇಬೇಡಿ ಎಂದರಂತೆ. ಮರಳಿ ಬರುವಾಗ ಮಾಮಾನ ಕೈಯಲ್ಲಿ ಮೊಣಕೈವರೆಗಿನ ರಬ್ಬರ್ ಗ್ಲೌಸ್, ನಾಲ್ಕು ಜೊತೆ.

“ಇವನ್ನ ಹಾಕ್ಕೊಂಡ್ರ ನಾವೂ ಡಾಕ್ಟರ್ ಆದಂಗ ಆತು ಬಿಡ್ರಿ,” ಎಂದು ಒಬ್ಬಳು ಬೆರಳು ಆಡಿಸಿ ತೋರಿಸಿದಳು.

ಕೈ ಮಾಯುವವರೆಗೆ ನೀಲವ್ವನಿಗೆ ರ‍್ಯಾಕಿನ ಕೆಲಸ. ಅಂದರೆ 31 ಜೇಡಗಳ ಕೆಳಗೆ. ಔಷಧ ಹೊಡೆಸುವುದು ರದ್ದು.

ಗುರುವಾರ ಸಂಜೆ 6-20ಕ್ಕೆ ಮಾಮಾ ಮತ್ತೆ ಫೋನ್ ಮಾಡಿದರು.

“ನೀಲವ್ವ ಇವತ್ತ ಎರಡ ರೊಟ್ಟಿ ತಾನ ಬಡದಾಳಂತ. ಉಳದವ್ರ ಕೈನೂ ಮಾಯಾಕತ್ತಾವ.” ದನಿಯಲ್ಲಿ ಸಮಾಧಾನವಿತ್ತು. ನನಗೂ ಆಯಿತು. ಅಷ್ಟಕ್ಕೆ ನಿಲ್ಲಿಸಬಾರದೇ? “ಒಂದ ಮಾತ ಹೇಳತೇನಿ ನೋಡು. ಗ್ಲೌಸ್ ಬಂದ ಮ್ಯಾಲೆ ಜ್ಯಾಡ ಉಚ್ಚಿ ಹೊಯ್ಯೋದ ಬಂದ್ ಮಾಡ್ಯಾವ!”

ಇರಲಿ ಬಿಡಿ. ನೀಲವ್ವನ ಕೈ ವಾಸಿಯಾಗುವುದಾದರೆ ಆ ಅಪವಾದವನ್ನು ಜೇಡ ಇನ್ನೊಂದಷ್ಟು ವರ್ಷ ಹೊತ್ತು ನಿಲ್ಲಲಿ; ಅದಕ್ಕೇನು ಕಾಲುಗಳ ಕೊರತೆಯೇ?